ಕಟ್ಟು ಎತ್ತಿಡಿ ಅಂದಳು, ಎತ್ತಿಟ್ಟೆ

ಬಸ್ಸಾರು ಮಾಡುವುದು ಏನು ಮಹಾ ವಿದ್ಯೆ ಎಂದು ನಾನು ಬಹಳ ವರ್ಷಗಳಿಂದ ತಿಳಿದುಕೊಂಡಿದ್ದೆ. ಅದಕ್ಕೆ ಮುಖ್ಯವಾಗಿ ಬೇಕಾದ್ದು ಸೊಪ್ಪು. ಸೊಪ್ಪಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವವರು ಬಸವನಗುಡಿ ಸುತ್ತಮುತ್ತ ಇನ್ನೂ ಹುಟ್ಟಿಲ್ಲ. ಗಾಂಧಿ ಬಜಾರಿನ ಫುಟ್‌ಪಾತಿನಲ್ಲಿ ಸೊಪ್ಪು ಮಾರಿಯೇ ಮನೆ ನಡೆಸಿದವನು ನಾನು, ಮಗಳ ಮದುವೆ ಮಾಡಿದವನು. ಕಣ್ಣು ಮುಚ್ಚಿಕೊಂಡು ಮೂಸಿದರೆ ಸಾಕು, ಇದು ದಂಟು, ಇದು ಕೀರೆ, ಇದು ನಿನ್ನೆಯದು ಎಂದು ಹೇಳಿಬಿಡುತ್ತೇನೆ. ಇನ್ನು ಬೇಳೆ. ಬೇಳೆ ತಾನಾಗಿಯೇ ಬೇಯುತ್ತದೆ. ಮಿಕ್ಕಿದ್ದು ಉಪ್ಪು, ಹುಳಿ, ಖಾರ. ಇಷ್ಟೇ ತಾನೇ?

ಇಷ್ಟೇ ಎಂದುಕೊಂಡಿದ್ದೆ!

ನಮ್ಮ ಮನೆ ಎನ್.ಆರ್. ಕಾಲೋನಿಯಲ್ಲಿ. ಕೆಳಗೆ ನಾನು ಮತ್ತು ನನ್ನ ಹೆಂಡತಿ ಪುಟ್ಟಮ್ಮ. ಮೇಲೆ ಮಗಳು ಶೋಭಾ, ಅಳಿಯ ಮಂಜು. ಮೇಲೂ ಕೆಳಗೂ ಆಳುವ ಮಹಾರಾಣಿ ಎಂದರೆ ಒಂದನೇ ಕ್ಲಾಸಿನಲ್ಲಿ ಓದುತ್ತಿರುವ ನನ್ನ ಮೊಮ್ಮಗಳು ಇಂಪನಾ. ನಮ್ಮ ಬಾಯಲ್ಲಿ ಇಂಪು. ಅವಳ ಬಗ್ಗೆ ಬರೆಯಲು ಕೂತರೆ ಪೇಪರ್ ಸಾಲುವುದಿಲ್ಲ, ಅದಕ್ಕೆ ಒಂದೇ ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ. ಅವಳು ಮೇಲಿನಿಂದ 'ತಾತಾ' ಎಂದು ಕೂಗಿದರೆ ನನಗೆ ಮಂಡಿನೋವೇ ಮರೆತುಹೋಗುತ್ತದೆ. ಮೆಟ್ಟಿಲು ಹತ್ತಿ ಮುಗಿದ ಮೇಲೆ ಮತ್ತೆ ನೆನಪಾಗುತ್ತದೆ, ಅದು ಬೇರೆ ವಿಷಯ.

ದಸರಾ ರಜಕ್ಕೆ ಎಲ್ಲರೂ ಜೈಪುರಕ್ಕೆ ಹೋಗೋಣ ಎಂದು ಅಳಿಯ ಏರ್ಪಾಡು ಮಾಡಿದ. ಹೋಟೆಲಿನ ರೂಮು ಬೇಡ, ಅಡುಗೆಮನೆ ಇರುವ ಒಂದು ಬಾಡಿಗೆ ಮನೆಯನ್ನೇ ಹಿಡಿದ. ವಿಮಾನದ ಟಿಕೆಟ್ಟೂ ಆಯಿತು. ಆಮೇಲೆ ನೋಡಿದರೆ ಪುಟ್ಟಮ್ಮನ ತಮ್ಮನ ಮಗಳ ಸೀಮಂತ ಅದೇ ವಾರ ಬಂದು ಕೂತಿತು, ಚಾಮರಾಜಪೇಟೆಯಲ್ಲಿ.

"ನಾನು ಸೀಮಂತ ಬಿಟ್ಟು ಬರಲ್ಲಪ್ಪ. ನೀವೆಲ್ಲ ಹೋಗ್ಬನ್ನಿ" ಎಂದಳು ಪುಟ್ಟಮ್ಮ.

ಇಂಪು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಂತಳು. "ಅಜ್ಜಿ ಬರ್ದೇ ಇದ್ರೆ ಬಸ್ಸಾರು ಯಾರು ಮಾಡ್ತಾರೆ? ನಾನೂ ಬರಲ್ಲ!"

"ಅಲ್ಲಿ ತರಾವರಿ ಊಟ ಸಿಗತ್ತೆ ಕಣೇ" ಎಂದಳು ಶೋಭಾ.

"ನಂಗೆ ತರಾವರಿ ಬೇಡ. ನಂಗೆ ಬಸ್ಸಾರು ಮುದ್ದೆ."

ಮಗುವಿನ ಕೆಳತುಟಿ ಮೆಲ್ಲಗೆ ಮುಂದಕ್ಕೆ ಬಂತು. ಆ ತುಟಿ ಮುಂದಕ್ಕೆ ಬಂದರೆ ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. "ಅಳ್ಬೇಡ ಬಂಗಾರಿ, ನಾನು ಮಾಡ್ತೀನಿ. ತಾತನ ಬಸ್ಸಾರು ತಿಂದ್ರೆ ಅಜ್ಜೀದು ಮರ್ತೇ ಹೋಗ್ತೀಯ" ಎಂದುಬಿಟ್ಟೆ.

ಮೊಬೈಲು ನೋಡುತ್ತಿದ್ದ ಅಳಿಯ ತಲೆ ಎತ್ತಿದ. ಪುಟ್ಟಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು.

"ರೀ, ಹಾಲುಕ್ಕಿದ್ರೆ ಒಲೆ ಮುಂದೆ ನಿಂತ್ಕೊಂಡೇ 'ಪುಟ್ಟಮ್ಮಾ, ಹಾಲುಕ್ತಿದೆ ಬಾ' ಅಂತ ಕೂಗೋರು ನೀವು. ಬಸ್ಸಾರು ಮಾಡ್ತೀರಾ?"

"ಫೋನಿದ್ಯಲ್ಲ, ಹೇಳ್ಕೊಡು. ಸೊಪ್ಪಿನ ವಿಷ್ಯ ನಂಗೆ ಹೇಳ್ಬೇಡ, ಮಿಕ್ಕಿದ್ದು ಹೇಳು."

"ತಾತ, ಪ್ರಾಮಿಸ್ಸಾ?" ಇಂಪು ಕೈ ಚಾಚಿದಳು.

"ಪ್ರಾಮಿಸ್!" ಎಂದು ಆ ಪುಟಾಣಿ ಅಂಗೈ ಮೇಲೆ ಹೊಡೆದೆ. ಈ ಮಾತು ಉಳಿಸಿಕೊಳ್ಳದಿದ್ದರೆ ನಾನು ತಾತನಾಗಿ ಇದ್ದೇನು ಪ್ರಯೋಜನ?

ಜೈಪುರದವರ ಸೊಪ್ಪಿನ ಮೇಲೆ ನನಗೆ ನಂಬಿಕೆ ಇರಲಿಲ್ಲ. ಹೊರಡುವ ದಿನ ಬೆಳಿಗ್ಗೆ ಬಜಾರಿಗೆ ಹೋಗಿ, ಎಳೆ ದಂಟಿನ ಸೊಪ್ಪು ಆರಿಸಿ, ನಾನೇ ಬಾಳೆನಾರಿನಲ್ಲಿ ನಾಲ್ಕು ಕಟ್ಟು ಕಟ್ಟಿದೆ. ಒದ್ದೆ ಬಟ್ಟೆ ಸುತ್ತಿ, ಮಗಳ ಸೂಟ್‌ಕೇಸಿನಲ್ಲಿ ಸೀರೆಗಳ ನಡುವೆ ಮಲಗಿಸಿದೆ. ರಾಗಿ ಹಿಟ್ಟು, ಸಾರಿನ ಪುಡಿಯೂ ಅಲ್ಲೇ ಹೋದವು. ಮುದ್ದೆ ಕೋಲನ್ನು ಮಾತ್ರ ನನ್ನ ಕೈಚೀಲದಲ್ಲೇ ಇಟ್ಟುಕೊಂಡೆ. ಮುರಿದುಹೋದರೆ?

ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆ ಮಾಡುವ ಪೊಲೀಸಪ್ಪ ಕೋಲನ್ನು ಎಳೆದು ಎತ್ತಿ ಹಿಡಿದ. "ಯೇ ಕ್ಯಾ ಹೈ?"

"ಮುದ್ದೆ ಕೋಲು ಸಾರ್. ಹಿಟ್ಟು ತಿರುವೋಕೆ" ಎಂದು ಗಾಳಿಯಲ್ಲೇ ಜೋರಾಗಿ ತಿರುವಿ ತೋರಿಸಿದೆ. ತೋರಿಸಬಾರದಿತ್ತು. ಆತ ಎರಡು ಹೆಜ್ಜೆ ಹಿಂದಕ್ಕೆ ಸರಿದ! ಕೋಲು ಬೆಂಗಳೂರಿನಲ್ಲೇ ಉಳಿಯಿತು.

"ಸೂಟ್‌ಕೇಸಿಗೆ ಹಾಕಿ ಅಂತ ಬಡ್ಕೊಂಡೆ ಮಾವ" ಎಂದ ಅಳಿಯ.

"ಕೋಲಿಲ್ದೇನೂ ಮುದ್ದೆ ಕಟ್ಟೋರು ಇದಾರೆ ಬಿಡಪ್ಪ" ಎಂದೆ. ಯಾರು ಎಂದು ಅವನು ಕೇಳಲಿಲ್ಲ, ಪುಣ್ಯಾತ್ಮ.

ಜೈಪುರ ತಲುಪಿದ ಸಂಜೆ ಒಂದು ದೊಡ್ಡ ಊಟದ ಮನೆಗೆ ಹೋದೆವು. ಹರಿವಾಣದಷ್ಟು ಅಗಲದ ತಟ್ಟೆ, ಅದರ ತುಂಬ ಬಟ್ಟಲುಗಳು. ಉಂಡೆಯಂಥ ಬಾಟಿಯನ್ನು ಮುರಿದು, ಅದರ ಮೇಲೆ ತುಪ್ಪವನ್ನು ನಾವು ಮಜ್ಜಿಗೆ ಬಡಿಸಿದ ಹಾಗೆ ಸುರಿದರು. ಆಹಾ! ನಾನು ಸೊಂಟದ ಬೆಲ್ಟು ಸಡಿಲಿಸಿ ಕೂತೆ. ಬಡಿಸುವವನು ಸಾಕಾ ಎಂದು ಹಿಂದಿಯಲ್ಲಿ ಕೇಳಿದ, ನನಗೆ ಹಿಂದಿ ಬಾರದ್ದು ಆವತ್ತು ತುಂಬ ಅನುಕೂಲವಾಯಿತು.

ಇಂಪು ಮಾತ್ರ ಒಂದು ಹಪ್ಪಳ ತಿಂದು ಕೈ ತೊಳೆದಳು. ಬೆಳಿಗ್ಗೆಯೂ ಅಷ್ಟೇ, ಕಚೋರಿಯನ್ನು ಮುಟ್ಟಲಿಲ್ಲ, ಅರ್ಧ ಲೋಟ ಹಾಲು. ಮುಖ ಬಾಡಿಹೋಗಿತ್ತು.

"ಮಧ್ಯಾಹ್ನನೂ ತಿನ್ಲಿಲ್ಲ ಅಂದ್ರೆ ನಾಳೆ ವಾಪಸ್ ಹೋಗ್ಬಿಡೋಣ" ಎಂದಳು ಶೋಭಾ ಗಂಡನಿಗೆ. "ಮಗೂನ ಉಪವಾಸ ಕೆಡವಿ ಕೋಟೆ ನೋಡ್ಬೇಕಾ?"

"ತಾತ ಮಾಡ್ತಾರಲ್ಲ, ನಾನು ಅದನ್ನೇ ತಿಂತೀನಿ" ಎಂದಳು ಇಂಪು.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಪಂಚೆ ಎತ್ತಿ ಕಟ್ಟಿದೆ. "ಎಲ್ರೂ ಅರಮನೆ ನೋಡ್ಕೊಂಡು ಬನ್ನಿ. ಅಡುಗೆಮನೇಲಿ ಯಾರೂ ಇರ್ಕೂಡ್ದು" ಎಂದು ಆಜ್ಞೆ ಹೊರಡಿಸಿದೆ.

ಅವರು ಹೋದ ಮೇಲೆ ಪುಟ್ಟಮ್ಮನಿಗೆ ಫೋನು ಮಾಡಿದೆ. ಸೀಮಂತದ ಮನೆಯ ಗದ್ದಲದಲ್ಲಿ ಅವಳು ಕಿರುಚಿಕೊಂಡೇ ಹೇಳಿದಳು. "ಬೇಳೆ ಅರ್ಧ ಬೆಂದ್ಮೇಲೆ ಸೊಪ್ಪು ಹಾಕಿ. ಎರಡೂ ಬೆಂದ್ಮೇಲೆ ಬಸೀರಿ. ಕಟ್ಟು ಮಾತ್ರ ಜೋಪಾನವಾಗಿ ಎತ್ತಿಡಿ, ಕೇಳಿಸ್ತಾ? ಕಟ್ಟಿಲ್ದೆ ಸಾರಿಲ್ಲ! ಆಮೇಲೆ ಮಸಾಲೆ ರುಬ್ಬಿ ಫೋನ್ ಮಾಡಿ. ಆರತಿಗೆ ಕರೀತಿದಾರೆ, ಇಡ್ತೀನಿ."

ಕಟ್ಟು ಎತ್ತಿಡಬೇಕು. ಸರಿ! ಯಾಕೆ ಎಂದು ಗೊತ್ತಾಗಲಿಲ್ಲ, ಆದರೆ ಅಡುಗೆಯಲ್ಲಿ ಎಲ್ಲದಕ್ಕೂ ಕಾರಣ ಕೇಳಬಾರದು. ನಾಲ್ಕು ಕಟ್ಟಿನಲ್ಲಿ ಮೂರನ್ನು ಬಿಚ್ಚಿ ಹೆಚ್ಚಿದೆ. ನಾಲ್ಕನೆಯದನ್ನು ನೀರು ಚಿಮುಕಿಸಿ, ಒದ್ದೆ ಬಟ್ಟೆ ಸುತ್ತಿ, ಬಹಳ ಜೋಪಾನವಾಗಿ ಫ್ರಿಜ್ಜಿನಲ್ಲಿ ಎತ್ತಿಟ್ಟೆ.

ಬೇಳೆ ಬೆಂದಿತು, ಸೊಪ್ಪೂ ಬೆಂದಿತು. ಬಸಿ ಎಂದಿದ್ದಳಲ್ಲ, ತೂತಿನ ಪಾತ್ರೆಯನ್ನು ಸಿಂಕಿನಲ್ಲಿಟ್ಟು ಬಸಿದೆ. ಹಳದಿ ಹಸಿರು ನೀರು ಗಮಗಮ ಎಂದು ಹಬೆಯಾಡುತ್ತಾ ಮೋರಿಗೆ ಇಳಿದುಹೋಯಿತು. ಸಿಂಕು ಗಬ್ಬಾಗಬಾರದೆಂದು ಮೇಲೊಂದು ಬಕೆಟ್ಟು ತಣ್ಣೀರನ್ನೂ ಸುರಿದೆ. ನನ್ನ ಕೆಲಸ ಯಾವತ್ತೂ ಅಚ್ಚುಕಟ್ಟು!

ಮುದ್ದೆಯ ಕಥೆ ಚಿಕ್ಕದು. ಲಟ್ಟಣಿಗೆಯಲ್ಲಿ ತಿರುವಿದೆ, ಕೈ ಸುಟ್ಟುಕೊಂಡೆ, ಅದು ಮುದ್ದೆಯಾಗಲಿಲ್ಲ. ಗಂಟುಗಳ ಸಮಾವೇಶವಾಯಿತು. ಇರಲಿ, ಸಾರು ಚೆನ್ನಾಗಿದ್ದರೆ ಎಲ್ಲ ಒಳಗೆ ಹೋಗುತ್ತದೆ ಎಂದುಕೊಂಡು ಮಸಾಲೆ ರುಬ್ಬಿ ಮತ್ತೆ ಫೋನು ಮಾಡಿದೆ.

"ಕಟ್ಟು ಎತ್ತಿಟ್ರಾ?" ಅವಳ ಮೊದಲ ಪ್ರಶ್ನೆ.

"ಎತ್ತಿಟ್ಟಿದೀನಿ."

"ಎಷ್ಟಿದೆ?"

"ಒಂದು."

"ಒಂದು ಚೊಂಬಾ?"

"ಚೊಂಬೆಲ್ಲಿಂದ ಬಂತೇ? ಒಂದು ಕಟ್ಟು."

"ಅದೇ ಕಣ್ರೀ ಕೇಳ್ತಿರೋದು. ಗಟ್ಟಿಯಾಗಿದ್ಯಾ, ತೆಳ್ಳಗಿದ್ಯಾ?"

"ಗಟ್ಟಿಯಾಗೇ ಇದೆ. ನಾನೇ ಕಟ್ಟಿದ್ದಲ್ವಾ!"

ಆ ಕಡೆ ನಾದಸ್ವರ ಜೋರಾಯಿತು. "ಏನಂದ್ರಿ? ಸದ್ದಲ್ಲಿ ಕೇಳಿಸ್ಲಿಲ್ಲ. ಇರ್ಲಿ, ಕಟ್ಟನ್ನ ಪಾತ್ರೆಗೆ ಹಾಕಿ, ಮಸಾಲೆ ಬೆರೆಸಿ ಕುದಿಸಿ."

"ಹಾಗೇನಾ? ನಾರು ಬಿಚ್ಚೋದು ಬೇಡ್ವಾ?"

"ಯಾವ ನಾರು?"

"ಬಾಳೆನಾರು."

"ರೀ... ಸ್ವಲ್ಪ ವಿಡಿಯೋ ಹಾಕಿ."

ಹಾಕಿದೆ. ನಾನು ಅಷ್ಟರಲ್ಲಾಗಲೇ ಸದರಿ ಕಟ್ಟನ್ನು ಪಾತ್ರೆಯ ನಡುವೆ ನೆಟ್ಟಗೆ ನಿಲ್ಲಿಸಿ, ತಲೆಯ ಮೇಲಿಂದ ಮಸಾಲೆ ಸುರಿದಿದ್ದೆ. ಸೊಂಟಕ್ಕೆ ಬಾಳೆನಾರು ಕಟ್ಟಿಕೊಂಡು, ಮೈತುಂಬ ಅರಿಶಿನ ಖಾರ ಬಳಿದುಕೊಂಡು ಅದು ಗಂಭೀರವಾಗಿ ನಿಂತಿತ್ತು. ಪುಟ್ಟಮ್ಮ ನೋಡಿದಳು. ಪುಟ್ಟಮ್ಮನ ಹೆಗಲ ಮೇಲಿಂದ ಅವಳ ತಂಗಿ ನೋಡಿದಳು. ಬಳೆ ತೊಡುತ್ತಿದ್ದ ಬಸುರಿ ಹುಡುಗಿಯೂ ನೋಡಿದಳು. ಚಾಮರಾಜಪೇಟೆಯ ಆ ಇಡೀ ಮನೆ ನೋಡಿತು.

"ಅಯ್ಯೋ ನನ್ನ ಕರ್ಮವೇ! ಕಟ್ಟು ಅಂದ್ರೆ ಬಸಿದ ನೀರು ಕಣ್ರೀ! ಬೇಳೆ ಸೊಪ್ಪು ಬೆಂದ ನೀರು! ಎಲ್ಲಿ ಅದು?"

ನಾನು ಮೆಲ್ಲಗೆ ಫೋನನ್ನು ಸಿಂಕಿನ ಕಡೆ ತಿರುಗಿಸಿದೆ.

ನಗು ಜೈಪುರಕ್ಕೆ ಫೋನಿಲ್ಲದೆಯೂ ಕೇಳುವಷ್ಟು ಜೋರಾಗಿತ್ತು. ನನ್ನ ಭಾಮೈದ ನುಗ್ಗಿಕೊಂಡು ಮುಂದೆ ಬಂದ. "ಭಾವ, ಅದಕ್ಕೊಂದು ಹಸಿರು ಸೀರೆ ಉಡಿಸಿ ಕಳಿಸ್ಬಿಡಿ! ಇಲ್ಲೇ ಒಟ್ಟಿಗೆ ಸೀಮಂತ ಮಾಡ್ಬಿಡ್ತೀವಿ!"

ಸೊಪ್ಪು ಮಾರುವವನಿಗೆ ಕಟ್ಟು ಎಂದರೆ ಕಟ್ಟು. ಅಡುಗೆಮನೆಯೊಳಗೆ ಬಸಿದ ನೀರಿಗೂ ಅದೇ ಹೆಸರೆಂದು ಇಷ್ಟು ವರ್ಷ ಸುರಿದುಕೊಂಡು ಉಂಡವನಿಗೆ ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಉಂಡಿದ್ದೆ ಅಷ್ಟೇ.

ಅಷ್ಟು ಹೊತ್ತಿಗೆ ಬಾಗಿಲು ತೆರೆಯಿತು. "ತಾತಾ, ಬಸ್ಸಾರು ಆಯ್ತಾ? ನಂಗೆ ತುಂಬಾ ಹಸಿವು!"

ಆ ಒಂದು ಮಾತಿಗೆ ನನ್ನ ನಗೆಪಾಟಲೆಲ್ಲ ಎಲ್ಲೋ ಹೋಯಿತು. ಮಗು ಹಸಿದು ಬಂದಿದೆ. ಅಂಗೈ ಮೇಲೆ ಹೊಡೆದು ಕೊಟ್ಟ ಮಾತನ್ನು ನಾನು ಮೋರಿಗೆ ಬಸಿದುಬಿಟ್ಟಿದ್ದೇನೆ.

ಶೋಭಾ ಪಾತ್ರೆ ನೋಡಿ ಹಣೆ ಚಚ್ಚಿಕೊಂಡಳು. ಅಳಿಯ ತೂತಿನ ಪಾತ್ರೆಯಲ್ಲಿ ಉಳಿದಿದ್ದ ಬೇಳೆ ಸೊಪ್ಪನ್ನು ಮೂಸಿ ನೋಡಿದ. "ಮಾವ, ಪಲ್ಯ ಉಳ್ಕೊಂಡಿದ್ಯಲ್ಲ" ಎಂದು ಈರುಳ್ಳಿ ಒಗ್ಗರಣೆ ಹಾಕಿ, ಒಂದಿಷ್ಟು ಕಾಯಿ ಉದುರಿಸಿದ. ನಾನು ಬೀದಿ ಕೊನೆಯ ಅಂಗಡಿಗೆ ಓಡಿ ಬಿಸಿ ರೊಟ್ಟಿ ತಂದೆ. ರೊಟ್ಟಿಗೆ ಪಲ್ಯ ಹಚ್ಚಿ, ಸುರುಳಿ ಸುತ್ತಿ ಮಗುವಿಗೆ ಕೊಟ್ಟೆ.

ಇಂಪು ಸುರುಳಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. "ಸಾರೆಲ್ಲಿ?"

"ಒಳಗಿದೆ ಬಂಗಾರಿ" ಎಂದೆ. ಮೋರಿಯ ಒಳಗೆ ಎಂದು ಹೇಳಲಿಲ್ಲ.

ಒಂದು ಕಚ್ಚಿದಳು. ಅಗಿದಳು. ಇನ್ನೊಂದು ಕಚ್ಚಿದಳು. "ಸೂಪರ್ ತಾತ! ಇನ್ನೊಂದು!"

ತಿಂದಳು! ಮತ್ತೂ ಒಂದು ತಿಂದಳು! ಕೈ ನೆಕ್ಕಿದಳು! ನನ್ನ ಕಣ್ಣಲ್ಲಿ ನೀರು ಬಂತು, ಈರುಳ್ಳಿ ಹೆಚ್ಚಿದ್ದು ಅಳಿಯನಾದರೂ. ನಾನು ಫೋನು ಎತ್ತಿಕೊಂಡು ಸೀಮಂತದ ಮನೆಗೆ ಕೂಗಿದೆ: "ಪುಟ್ಟಮ್ಮಾ, ತಿಂದ್ಳು ಕಣೇ! ನನ್ನ ಬಸ್ಸಾರು ತಿಂದ್ಳು!" ಪ್ರವಾಸ ಉಳಿಯಿತು, ಕೋಟೆಯನ್ನೂ ಕಂಡೆವು. ದಾರಿಯುದ್ದಕ್ಕೂ ಸಿಕ್ಕಿದ್ದನ್ನೆಲ್ಲ ರೊಟ್ಟಿಯಲ್ಲಿ ಸುತ್ತಿಕೊಂಡು ತಾತ ಮೊಮ್ಮಗಳು ಹೊಟ್ಟೆ ಬಿರಿಯುವಷ್ಟು ತಿಂದೆವು.

ಊರಿಗೆ ಬಂದ ಮೇಲೆ ಪುಟ್ಟಮ್ಮ ಪಾಪ, ಮಗು ಹಂಬಲಿಸಿರುತ್ತದೆ ಎಂದು ಬಸ್ಸಾರು ಮಾಡಿದಳು. ಮೆಟ್ಟಿಲಿನವರೆಗೂ ಘಮಘಮ. ಇಂಪು ಬಟ್ಟಲು ನೋಡಿ ಮೂಗು ಮುರಿದಳು.

"ಅಜ್ಜಿ, ನಿಂಗೆ ಬಸ್ಸಾರು ಮಾಡೋಕೆ ಬರಲ್ಲ. ಇದ್ರಲ್ಲಿ ನೀರಿದೆ! ತಾತ ಮಾಡೋದ್ರಲ್ಲಿ ನೀರೇ ಇರಲ್ಲ."

ಪುಟ್ಟಮ್ಮ ನನ್ನನ್ನು ನೋಡಿದ ನೋಟವನ್ನು ಇಲ್ಲಿ ಬರೆಯಲಾರೆ. ಮರುದಿನದಿಂದ ಸೊಂಟಕ್ಕೆ ಟವೆಲು ಕಟ್ಟಿಸಿ ನನ್ನನ್ನು ಒಲೆ ಮುಂದೆ ನಿಲ್ಲಿಸಿದ್ದಾಳೆ. ಈಗ ನಮ್ಮ ಮನೆಯಲ್ಲಿ ಎರಡು ಬಸ್ಸಾರು. ನನ್ನದು ಇಂಪುಗೆ ಮಾತ್ರ. ಪುಟ್ಟಮ್ಮನದು ಮಗಳಿಗೆ, ಅಳಿಯನಿಗೆ, ಬಂದವರಿಗೆ, ಹೋದವರಿಗೆ.

ನನಗೆ? ನಾನು ಮೊಮ್ಮಗಳು ಮಲಗುವುದನ್ನೇ ಕಾದು, ಮೆಲ್ಲಗೆ ಅಡುಗೆಮನೆಗೆ ಹೋಗಿ ಪುಟ್ಟಮ್ಮನ ಸಾರನ್ನು ಸೊರ ಸೊರ ಉಣ್ಣುತ್ತೇನೆ. ನಾನು ಮಾಡಿದ್ದನ್ನು ತಿನ್ನುವುದಕ್ಕೆ ನನಗೇನು ಹುಚ್ಚೇ!