ಹಿಟ್ಟಿನ ಮಿಷನ್ನಿನ ಕಟಕಟ

ಅನಿಲ್‌ಕುಮಾರನ ಕಿವಿ ಬಹಳ ಚುರುಕು. ಮೂವತ್ತನಾಲ್ಕು ದಾಟಿದರೂ ಅವನಿಗೆ ಮದುವೆಯಾಗದೆ ಇದ್ದುದಕ್ಕೆ ಕಾರಣವೂ ಅದೇ. ನರಸಾಪುರದ ಕಾರ್ಖಾನೆಯೊಂದರಲ್ಲಿ ಮೋಟಾರುಗಳ ಸದ್ದು, ನಡುಕ ಗಮನಿಸಿ ಯಾವುದು ಕೆಡಲಿದೆ ಎಂದು ಮುಂಚೆಯೇ ಹೇಳುವುದು ಅವನ ಕೆಲಸ. ಹೆಣ್ಣು ನೋಡಲು ಹೋದಲ್ಲೂ ಫ್ಯಾನು, ಮಿಕ್ಸಿಗಳ ಆಯಸ್ಸು ಹೇಳಿ ಹತ್ತು ಸಂಬಂಧ ಕಳೆದುಕೊಂಡಿದ್ದ.

ಹನ್ನೊಂದನೆಯದು ದೇವರಾಯಸಮುದ್ರದಲ್ಲಿ. ಬಸ್ಸಿಳಿಯುವಾಗಲೇ ಸೋದರತ್ತೆ ದೊಡ್ಡಗಂಗಮ್ಮ ಎಚ್ಚರಿಸಿದಳು: “ಲೇ, ಹುಡುಗಿ ಮುಖ ನೋಡು, ಬಾಯಿ ಮುಚ್ಕೊಂಡಿರು. ಮಿಷನ್ ಸುದ್ದಿ ಎತ್ತಿದ್ರೆ ಅಲ್ಲೇ ಬಿಟ್ ಬರ್ತೀನಿ.”

ಪಾಪ, ಅವನು ಮುಚ್ಚಿಕೊಂಡೇ ಕೂತ. ಆದರೆ ಹುಡುಗಿಯ ತಂದೆ ಚನ್ನರಾಯಪ್ಪನ ಹಿಟ್ಟಿನ ಮಿಷನ್ ಮನೆಯ ಮುಂಭಾಗದಲ್ಲೇ ಓಡುತ್ತಿತ್ತು. ಅದರ ಗದ್ದಲದೊಳಗೆ ಸಣ್ಣದೊಂದು ಕಟಕಟ. ಹುಡುಗಿ ಚಂದನ ಬೋಂಡದ ತಟ್ಟೆ ಹಿಡಿದು ಎದುರು ನಿಂತರೂ ಅವನ ತಲೆ ಆ ಕಡೆಗೇ ವಾಲಿತ್ತು. ರಾಗಿ ಬೀಸಿಸುವ ನೆಪದಲ್ಲಿ ಗಂಡು ನೋಡಲು ಬಂದಿದ್ದ ಪಕ್ಕದ ಮನೆ ಶಾಮಲಮ್ಮ ಇದನ್ನು ಕಂಡಳು. ಹುಡುಗನಿಗೆ ಕಿವಿ ಕೇಳಿಸುವುದಿಲ್ಲವೆಂಬ ಸುದ್ದಿ ಡಬ್ಬ ಹಿಡಿದು ಸಾಲಿನಲ್ಲಿದ್ದವರಿಗೆಲ್ಲ ಹಬ್ಬಿತು.

ಚನ್ನರಾಯಪ್ಪ ನೇರವಾಗಿ ಕೇಳಿಯೇ ಬಿಟ್ಟ. ಕಿವುಡನೆನಿಸಿಕೊಂಡು ಏಳುವುದಕ್ಕಿಂತ ನಿಜ ಹೇಳುವುದೇ ಮೇಲು ಅನ್ನಿಸಿತು ಅನಿಲ್‌ಕುಮಾರನಿಗೆ.

“ಕೇಳಿಸ್ತಿದೆ ಯಜಮಾನ್ರೇ. ನಿಮ್ಮ ಮೋಟಾರಿನ ಬೇರಿಂಗ್ ಸೀಳು ಬಿಟ್ಟಿದೆ. ಇನ್ನೊಂದ್ ವಾರ ಬಿಟ್ರೆ ಮೋಟಾರೇ ಹೋಗುತ್ತೆ.”

ದೊಡ್ಡಗಂಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಚನ್ನರಾಯಪ್ಪನಿಗೆ ರೇಗಿತು. ಬಿಚ್ಚಿ ತೋರಿಸಬೇಕು, ಸುಳ್ಳಾದರೆ ಕಾಫಿ ಕುಡಿಯದೆ ಹೊರಡಬೇಕು ಎಂದ. ಅನಿಲ್‌ಕುಮಾರ್ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಮೋಟಾರಿಗೆ ಒತ್ತಿ, ಹಿಡಿಯನ್ನು ಕಿವಿಗೆ ಆನಿಸಿ ಇನ್ನೊಮ್ಮೆ ಕೇಳಿದ. ಅನುಮಾನವೇ ಉಳಿಯಲಿಲ್ಲ. ಮಿಷನ್ ನಿಲ್ಲಿಸಿ ಮಧ್ಯಾಹ್ನದವರೆಗೂ ಬಿಚ್ಚಿದ. ಹೊಸ ಷರ್ಟಿಗೆ ಗ್ರೀಸು, ಅದರ ಮೇಲೆ ರಾಗಿಹಿಟ್ಟು ಮೆತ್ತಿಕೊಂಡು ಮುದ್ದೆಕೋಲಿನಂತಾದ. ಕಡೆಗೆ ಬೇರಿಂಗ್ ಕೈಗೆ ಬಂತು. ಸೀಳು ಬಿಟ್ಟಿತ್ತು.

ಅದನ್ನೇ ನೋಡುತ್ತ ನಿಂತ ಚನ್ನರಾಯಪ್ಪನ ಕಣ್ಣು ತುಂಬಿತು. ಅನಿಲ್‌ಕುಮಾರ್ ಮನಸ್ಸಿನಲ್ಲೇ ಲಗ್ನಪತ್ರಿಕೆ ಅಚ್ಚು ಹಾಕಿಸಿದ.

“ನನ್ ಮಗಳು ಹದಿನೈದು ದಿನದಿಂದ ಇದೇ ಮಾತು ಹೇಳ್ತಿದ್ಲಪ್ಪ. ನಿಂಗೇನ್ ಗೊತ್ತು, ಸುಮ್ನಿರೇ ಅಂದಿದ್ದೆ. ನನ್ ನಂತರ ನೋಡ್ಕೊಳ್ಳೋರಿಲ್ಲ, ಇವಳ ಮದ್ವೆ ಮಾಡಿ ಮಿಷನ್ ಮಾರಿಬಿಡೋಣ ಅಂತಿದ್ದೆ. ಇಂಥ ಕಿವಿ ಇರೋಳ್ನ ಬೇರೆ ಮನೆಗೆ ಯಾಕ್ ಕಳಿಸ್ಲಿ? ಮಿಷನ್ ಅವಳೇ ನಡೆಸ್ಲಿ. ಮದ್ವೆ ಮಾತು ಈಗ ಬೇಡ.”

ಚಂದನಳ ಮುಖ ಅರಳಿತು. ಅವನು ಕೈ ತೊಳೆಯಲು ತಾನೇ ಚೊಂಬಿನಿಂದ ನೀರು ಹಾಕಿದಳು.

“ನಮ್ಮಪ್ಪ ನನ್ ಮಾತು ನಂಬಿದ್ದು ಇವತ್ತೇ,” ಎಂದಳು. “ನಿಮ್ ಉಪಕಾರ ಮರೆಯಲ್ಲ, ಅಣ್ಣ.”