ಅತ್ತಿಗೆ ನಡೆಸಿದ ಶ್ರವಣ ಪರೀಕ್ಷೆ

ಮೈದುನನ ಕಿವಿ ಕೆಟ್ಟಿದೆ ಎಂಬ ಘೋರ ಸತ್ಯ ಅತ್ತಿಗೆಗೆ ಹೊಳೆದದ್ದು ಮಗುವಿನ ಬಟ್ಟೆ ಮಡಚುತ್ತಿದ್ದಾಗ. "ಆ ಟವೆಲ್ ಕೊಡಪ್ಪಾ" ಎಂದಳು. ಪಕ್ಕದಲ್ಲೇ ಕೂತಿದ್ದವನು ಮಿಸುಕಲಿಲ್ಲ. ಇನ್ನೊಮ್ಮೆ ಕೇಳಿದಳು. ಊಹೂಂ. ಟವೆಲ್ಲೇ ಎದ್ದು ಬಂದರೂ ಬಂದೀತು, ಇವನು ತಿರುಗುವ ಲಕ್ಷಣವಿಲ್ಲ.

ತಿರುಗುವುದಾದರೂ ಹೇಗೆ? ಕಿವಿ ಮುಚ್ಚುವಷ್ಟು ಕೂದಲು ಬಿಟ್ಟ, ಈಗಷ್ಟೇ ಕಾಲೇಜು ಮುಗಿಸಿದ ಹುಡುಗ. ಬ್ಯಾಂಡಿನಲ್ಲಿ ಡ್ರಮ್ ಬಾರಿಸುವುದು ಅವನ ಕಸುಬು. ಹಿಂದಿನ ಕೋಣೆಯಲ್ಲಿ ಅಭ್ಯಾಸಕ್ಕೆ ಕೂತನೆಂದರೆ ಅಡುಗೆಮನೆಯ ಲೋಟಗಳು ತಾಳ ಹಾಕುತ್ತಿದ್ದವು. ಅತ್ತಿಗೆಯೋ ಗ್ರಂಥಪಾಲಕಿ. ಯಾರಾದರೂ ಪುಟ ತಿರುವಿದ ಸದ್ದಾದರೂ "ಶ್" ಎನ್ನುವುದೇ ಅವಳ ಉದ್ಯೋಗ.

ಜೋರು ಸದ್ದಿಗೆ ಸತ್ತ ಒಳಗಿವಿಯ ಸೂಕ್ಷ್ಮ ಕೋಶಗಳು ಮತ್ತೆ ಹುಟ್ಟುವುದಿಲ್ಲ ಎಂದು ಅವಳು ಓದಿದ್ದಳು. (ಗ್ರಂಥಾಲಯದಲ್ಲಿ ಕೆಲಸ ಮಾಡುವವರ ಶಾಪವೇ ಇದು: ಯಾವ ರೋಗವೂ ಓದದೆ ಉಳಿಯುವುದಿಲ್ಲ.) ಹೆದರಲು ಇನ್ನೂ ಒಂದು ಕಾರಣವಿತ್ತು. ಮಧ್ಯಾಹ್ನ ಅವಳು ಕೆಲಸಕ್ಕೆ ಹೋದಾಗ ಮಗುವನ್ನು ನೋಡಿಕೊಳ್ಳುವವನು ಇವನೇ. ತೊಟ್ಟಿಲಲ್ಲಿ ಮಗು ಅತ್ತರೆ ಇವನಿಗೆ ಕೇಳಿಸುತ್ತದೆಯೆ?

"ಏನ್ರೀ, ನಿಮ್ಮ ತಮ್ಮನಿಗೆ ಕಿವಿ ಕೇಳಿಸ್ತಾ ಇಲ್ಲ."

"ಹ್ಞೂಂ" ಎಂದಿತು ಪತ್ರಿಕೆ. ಅದರ ಹಿಂದೆ ಗಂಡ ಇದ್ದ.

"ನಾನು ಹೇಳಿದ್ದು ಕೇಳಿಸ್ತಾ?"

"ಹ್ಞೂಂ."

"ಏನು ಹೇಳ್ದೆ ಹಾಗಾದ್ರೆ?"

"ಕಸದ ಬುಟ್ಟಿ ಹೊರಗಿಡು ಅಂತ."

"ಅದು ನಿನ್ನೆ ಹೇಳಿದ್ದು!"

ಗಂಡನ ಕಿವಿ ಮದುವೆಯ ಹೊಸದರಲ್ಲೇ ಹೋಗಿತ್ತು; ಅದರ ಆಸೆಯನ್ನು ಅವಳು ಕೈಬಿಟ್ಟಾಗಿತ್ತು. ಮೈದುನನದನ್ನಾದರೂ ಉಳಿಸಬೇಕು.

ಸಂಜೆ ಅಭ್ಯಾಸ ಮುಗಿಸಿ ಅವನು ಮೊಬೈಲ್ ನೋಡುತ್ತ ಕೂತಾಗ ಬೆನ್ನ ಹಿಂದೆ ನಿಂತು, ತನ್ನ ವೃತ್ತಿಯ ಸಮಸ್ತ ಪರಿಣತಿಯನ್ನೂ ಧಾರೆಯೆರೆದು ಪಿಸುಗುಟ್ಟಿದಳು: "ನಿನ್ನ ಕೂದಲು ಕಾಗೆ ಗೂಡಿನ ಹಾಗಿದೆ."

ಅವನ ಬೆರಳು ಮೊಬೈಲಿನ ಮೇಲೆ ಓಡುತ್ತಲೇ ಇತ್ತು. ಕೂದಲಿನ ಸುದ್ದಿಗೆ ಹೋದರೆ ಊಟ ಬಿಡುವ ಹುಡುಗ!

ಉಳಿದದ್ದು ಬ್ರಹ್ಮಾಸ್ತ್ರ. "ಅಕ್ಕಿ ಡಬ್ಬದ ಹಿಂದೆ ನನ್ನ ಚಾಕಲೇಟಿದೆ. ದೊಡ್ಡ ಪೊಟ್ಟಣ."

ಚಾಕಲೇಟಿನ ವಾಸನೆಗೇ ನಿದ್ದೆಯಿಂದ ಎದ್ದು ಬರುವ ಪ್ರಾಣಿ ತಲೆ ಎತ್ತಲಿಲ್ಲ. ಅತ್ತಿಗೆಯ ಕಣ್ಣು ತುಂಬಿತು.

ಮರುದಿನ ರಜೆ. ಮಗುವನ್ನು ಗಂಡನಿಗೆ ಒಪ್ಪಿಸಿ, ಮೈದುನನ ತೋಳು ಹಿಡಿದು ಶ್ರವಣ ತಜ್ಞೆಯ ಬಳಿಗೆ ಎಳೆದೊಯ್ದಳು. ದಾರಿಯುದ್ದಕ್ಕೂ ಉಪದೇಶ ಮಾಡಿದಳು. ಅವನು ಹಸನ್ಮುಖಿಯಾಗಿ ಕಿಟಕಿಯಾಚೆ ನೋಡುತ್ತಿದ್ದ. ಅಯ್ಯೋ ಪಾಪ ಎನಿಸಿತು.

ತಜ್ಞೆ ಇವನನ್ನು ಕಂಡವರೇ, "ಏನಪ್ಪಾ, ಇಯರ್‌ಪ್ಲಗ್ ಹಾಕ್ಕೊಳ್ತಿದೀಯ ತಾನೆ?" ಎಂದು ಕೈಸನ್ನೆ ಮಾಡಿ ಕೇಳಿದರು.

ಅವನು ಕಾಗೆ ಗೂಡನ್ನು ಸರಿಸಿ ಎರಡೂ ಕಿವಿಯಿಂದ ಪುಟ್ಟ ಬಿರಡೆಗಳನ್ನು ತೆಗೆದ. ದಾರಿಯ ಉಪದೇಶವೆಲ್ಲ ಅವಕ್ಕೆ ಬಡಿದು ವಾಪಸಾಗಿತ್ತು!

"ಹೋದ ವರ್ಷ ಒಂದು ಕಾರ್ಯಕ್ರಮದಲ್ಲಿ ಸ್ಪೀಕರ್ ಪಕ್ಕದಲ್ಲೇ ಕೂತಿದ್ದೆ ಅತ್ತಿಗೆ. ಮನೆಗೆ ಬಂದ ಮೇಲೂ ಕಿವಿಯೊಳಗೆ ಜೀರುಂಡೆ ಹೊಕ್ಕ ಹಾಗೆ ಗುಂಯ್ ಅಂತಿತ್ತು. ಬೆಳಗಾದ್ರೂ ನಿಲ್ಲಲಿಲ್ಲ. ಜೀವನಪೂರ್ತಿ ಹೀಗೇ ಆದ್ರೆ ಅಂತ ಹೆದರಿ ಇಲ್ಲಿಗೆ ಓಡಿ ಬಂದೆ. ಪುಣ್ಯಕ್ಕೆ ಆಮೇಲೆ ನಿಂತಿತು. ಅವತ್ತಿಂದ ಇದಿಲ್ಲದೆ ಡ್ರಮ್ ಮುಟ್ಟಲ್ಲ."

"ಮನೇಲಿ ಒಂದು ಮಾತು ಹೇಳಬಾರದಾ?"

"ಹೇಳಿದ್ದೆ. ನೀವು ಮಿಕ್ಸಿ ಹಾಕಿದ್ರಿ."

"ಮತ್ತೆ ಮಗು ಅತ್ರೆ?"

"ಮಗು ನನ್ನ ಹತ್ರ ಇದ್ದಾಗ ಇದು ಜೇಬಲ್ಲಿರುತ್ತೆ. ನೀವಿದ್ದಾಗ ಮಾತ್ರ..." ಎಂದು ನಾಲಿಗೆ ಕಚ್ಚಿಕೊಂಡ.

ತಜ್ಞೆ ಕೆಮ್ಮಿ, ಅವನನ್ನು ಸದ್ದಿಲ್ಲದ ಕೋಣೆಯಲ್ಲಿ ಕೂರಿಸಿ ಪರೀಕ್ಷಿಸಿದರು. "ಸೂಜಿ ಬಿದ್ದರೂ ಕೇಳಿಸುತ್ತೆ ಇವನಿಗೆ. ಆ ಗುಂಯ್ ಅನ್ನೋದು ಕಿವಿ ಕೊಟ್ಟ ಎಚ್ಚರಿಕೆ. ಎಷ್ಟೋ ಹುಡುಗರು ಅದನ್ನ ಲೆಕ್ಕಕ್ಕೇ ತಗೊಳ್ಳಲ್ಲ, ಇವನು ತಗೊಂಡ. ಹೀಗೇ ಹಾಕ್ಕೊಳ್ಳಲಿ, ಸದ್ದಿನಿಂದ ಆಗಾಗ ದೂರ ಬಂದು ಕಿವಿಗೆ ಬಿಡುವು ಕೊಡಲಿ."

ಎದೆಯ ಮೇಲಿನ ಬಂಡೆ ಇಳಿಯಿತು. ಹಿಗ್ಗಿನಲ್ಲಿ ಅತ್ತಿಗೆ ಔದಾರ್ಯದ ಶಿಖರವೇರಿದಳು. "ನಡಿ, ಮನೇಲಿ ಚಾಕಲೇಟಿದೆ. ಅಷ್ಟೂ ನಿನಗೇ!"

ಅಕ್ಕಿ ಡಬ್ಬದ ಹಿಂದೆ ಕೈ ಹಾಕಿದರೆ ಸಿಕ್ಕಿದ್ದು ಖಾಲಿ ಪೊಟ್ಟಣ.

ಮಗು ತೊಟ್ಟಿಲಲ್ಲಿ ನಿದ್ರಿಸುತ್ತಿತ್ತು. ಪತ್ರಿಕೆಯ ಅಂಚಿನಲ್ಲಿ ಕಂಡ ಮೀಸೆ ಕಂದು ಬಣ್ಣಕ್ಕೆ ತಿರುಗಿತ್ತು.

"ರೀ! ನಾನು ಪಿಸುಗುಟ್ಟಿದ್ದು ಇವನ ಬೆನ್ನ ಹಿಂದೆ. ನೀವಿದ್ದದ್ದು ಬಚ್ಚಲಲ್ಲಿ, ಬಾಗಿಲು ಹಾಕ್ಕೊಂಡು, ನಲ್ಲಿ ಬಿಟ್ಕೊಂಡು!"

"ಹ್ಞೂಂ?"

"ಅತ್ತಿಗೆ, ಅಣ್ಣನಿಗೂ ಒಂದ್ಸಲ ಪರೀಕ್ಷೆ ಮಾಡಿಸೋಣ್ವಾ?" ಎಂದ ಮೈದುನ.

"ಬೇಡಪ್ಪಾ. ಮದ್ದು ಗೊತ್ತಾಯ್ತು" ಎಂದವಳೇ ಪತ್ರಿಕೆಯತ್ತ ಬಾಗಿ ಪಿಸುಗುಟ್ಟಿದಳು: "ಕಸದ ಬುಟ್ಟಿ ಹೊರಗಿಡಿ."

ಉತ್ತರವಾಗಿ ಪತ್ರಿಕೆಯ ಪುಟವೊಂದು ಪರಪರ ಎಂದು ಮಗುಚಿತು. ಅಭ್ಯಾಸಬಲ, ಅವಳ ಬಾಯಿಂದ "ಶ್" ಎಂದು ಹೊರಟೇಬಿಟ್ಟಿತು.

"ಸರಿ, ಸದ್ದು ಮಾಡದೆ, ಅಲ್ಲಾಡದೆ ಕೂತಿರ್ತೀನಿ" ಎಂದ ಗಂಡ. ಆ "ಶ್" ಮಾತ್ರ ಅವನಿಗೆ ಥಟ್ಟನೆ ಕೇಳಿಸಿತ್ತು.