ಮಂಗಳವಾರದ ಟಿಕ್ಕು, ಮಗಳ ಅಂಗುಳು

ತಪ್ಪು ಮಾಡಿದ ಮಕ್ಕಳನ್ನು ಬೆಂಚಿನ ಮೇಲೆ ನಿಲ್ಲಿಸುವ ಅಧಿಕಾರ ಮೇಷ್ಟ್ರಿಗಿದೆ. ಮೇಷ್ಟ್ರನ್ನು ನಿಲ್ಲಿಸುವವರು ಯಾರೂ ಇಲ್ಲ. ಗುಬ್ಬಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಪಾಠ ಹೇಳಿಕೊಂಡು ಈ ಅನುಕೂಲವನ್ನು ನಾನು ಬಹಳ ವರ್ಷ ಅನುಭವಿಸಿದೆ. ಕಾಪಿ ಹೊಡೆದ ಹುಡುಗರ ಪುಸ್ತಕದಲ್ಲಿ ಕೆಂಪು ಇಂಕಿನಿಂದ ‘ಪೋಷಕರ ಸಹಿ ಮಾಡಿಸಿಕೊಂಡು ಬಾ’ ಎಂದು ಗೀಚುವಾಗ ಆಗುತ್ತಿದ್ದ ಸಂತೋಷ ಸಂಬಳದ ದಿನವೂ ಆಗುತ್ತಿರಲಿಲ್ಲ. ಆದರೆ ಒಂದು ವಿಷಯದಲ್ಲಿ ಬೆಂಚು ಹತ್ತಬೇಕಾಗಿದ್ದವನು ನಾನೇ. ಹೇಳಲು ಈಗಲೂ ನಾಚಿಕೆಯಾಗುತ್ತದೆ.

ನನ್ನ ಮಗಳು ಗಿರಿಜೆಗೆ ಮೇಲಿನ ದವಡೆ ಕಿರಿದು. ಹಲ್ಲುಗಳು ಬೆಳಗಿನ ತುಮಕೂರು ಬಸ್ಸಿನ ಪ್ರಯಾಣಿಕರ ಹಾಗೆ ಒಂದರ ಮೇಲೊಂದು ನಿಂತಿದ್ದವು. ಅವಳು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ತುಮಕೂರಿನ ಶಿರಾ ಗೇಟ್ ಹತ್ತಿರದ ಹಲ್ಲಿನ ಡಾಕ್ಟರಿಗೆ ತೋರಿಸಿದೆ. “ಅಂಗುಳು ಒಂದೇ ಮೂಳೆ ಅಲ್ಲ ಮೇಷ್ಟ್ರೇ, ಎರಡು ಭಾಗ. ನಡುವಿನ ಗೆರೆ ಈ ವಯಸ್ಸಲ್ಲಿ ಇನ್ನೂ ಬೆಸ್ಕೊಂಡಿರಲ್ಲ. ಈಗಲೇ ಅಗಲ ಮಾಡ್ಬೇಕು. ಇನ್ನೆರಡು ವರ್ಷ ಬಿಟ್ರೆ ಕೂಡ್ಕೊಂಡ್ಬಿಡುತ್ತೆ, ಆಮೇಲೆ ನನ್ ಕೈಲಾಗಲ್ಲ” ಎಂದರು. ತೆಗೆದು ಮತ್ತೆ ಹಾಕಿಕೊಳ್ಳುವಂಥ ಒಂದು ಪ್ಲೇಟು ಮಾಡಿಕೊಟ್ಟರು. ಅದರ ನಡುವೆ ಸಣ್ಣ ತಿರುಪು. ಅದಕ್ಕೊಂದು ತಂತಿಯ ಕೀ. ದಿನಕ್ಕೊಂದು ಸಲ ತಿರುಗಿಸಿ ಪ್ಲೇಟನ್ನು ಕೂದಲೆಳೆಯಷ್ಟು ಅಗಲ ಮಾಡಬೇಕು, ಕಾರ್ಡಿನಲ್ಲಿ ಟಿಕ್ ಹಾಕಬೇಕು. “ನೀವು ವಿಜ್ಞಾನದ ಮೇಷ್ಟ್ರು, ನಿಮಗೇನ್ ಹೇಳೋದು” ಎಂದು ನಕ್ಕರು. ನಾನೂ ಬೀಗಿದೆ.

ಮನೆಯಲ್ಲಿ ಅಮ್ಮ ಇದ್ದಳು. ಕುಣಿಗಲ್ ಕಡೆಯವಳು, ಓದು ಬರದು. ಬೆಳಿಗ್ಗೆ ಕಾಫಿ ಕುಡಿಯುತ್ತ ಪಂಚಾಂಗ ನೋಡಿ ಅವಳಿಗೆ ವಾರ ತಿಥಿ ಓದಿ ಹೇಳುವ ಕೆಲಸ ನನ್ನದು. ಮೊದಲನೇ ಮಂಗಳವಾರ ನಾನು ಕೀ ಹಿಡಿದ ಕೂಡಲೇ ಅಮ್ಮ ಬಂದಳು. “ಏನ್ಲಾ ಇದು? ಮಂಗಳವಾರ ಶುಕ್ರವಾರ ಉಗುರೇ ತೆಗೀಬಾರ್ದು ಅಂತೀವಿ, ಹೆಣ್ ಮಗೀನ ಬಾಯ್ಗೆ ಕಬ್ಬಿಣ ಇಕ್ತೀಯಾ? ನಾಳೆ ತಿರುಗ್ಸುವಂತೆ ಬುಡು!” ಬಿಟ್ಟೆ. ಆಮೇಲೆ ಅಮಾವಾಸ್ಯೆ, ಅಷ್ಟಮಿ, ನವಮಿ, ದಾಯಾದಿಗಳ ಮನೆಯ ಸೂತಕ. ನಿಜ ಹೇಳಬೇಕೆಂದರೆ, ಕೀ ತಿರುಗಿಸಿದಾಗ ಗಿರಿಜೆಯ ಕಣ್ಣಲ್ಲಿ ನೀರು ಬರುತ್ತಿತ್ತು; ನನಗೆ ನೋಡಲಾಗುತ್ತಿರಲಿಲ್ಲ. ಅಮ್ಮನ ಮಾತು ನನಗೇ ಅನುಕೂಲವಾಯಿತು. ಒಟ್ಟಿನಲ್ಲಿ ತಿಂಗಳಿಗೆ ಏಳೆಂಟು ದಿನ ತಿರುಗಿಸಿದ್ದರೆ ಹೆಚ್ಚು.

ಡಾಕ್ಟರನ್ನು ಕಾಣುವ ದಿನ ಬಂತು. ಗುಬ್ಬಿಯಿಂದ ಹೊರಟ ಬಸ್ಸಿನಲ್ಲಿ, ಎಲ್ಲ ಕಾಪಿ ಹೊಡೆಯುವ ಹುಡುಗರಂತೆ ನಾನೂ ಬೆವರುತ್ತ ಕೂತು, ಕಾರ್ಡಿನ ಅಷ್ಟೂ ಮನೆಗಳಿಗೆ ಟಿಕ್ ಹಾಕಿದೆ. ಪ್ಲೇಟನ್ನು ಕೈಯಲ್ಲಿ ಹಿಡಿದು ಬಾಕಿಯಿದ್ದ ಸುತ್ತುಗಳನ್ನೆಲ್ಲ ಒಂದೇ ಸಲ ತಿರುಗಿಸಿದೆ. ಗಿರಿಜೆ ಕಿಟಕಿಯಾಚೆ ನೋಡುತ್ತಿದ್ದಳು.

ಅಗಲವಾದ ಪ್ಲೇಟು ಅವಳ ಬಾಯಿಗೆ ಕೂರಲೇ ಇಲ್ಲ. ಡಾಕ್ಟರು ಕಾರ್ಡು ನೋಡಿದರು, ಬಾಯಿ ನೋಡಿದರು, ನಿಟ್ಟುಸಿರು ಬಿಟ್ಟರು. “ನೀವು ಒಂದು ದಿನಾನೂ ತಪ್ಪಿಸಿಲ್ಲ ಮೇಷ್ಟ್ರೇ. ಪಾಪ, ಈ ಮಗೂಗೆ ಬೇಗ್ನೆ ಕೂಡ್ಕೊಂಡಿದೆ ಅಂತ ಕಾಣುತ್ತೆ. ನಿಲ್ಲಿಸ್ಬಿಡೋಣ.” ಇನ್ನೂರಾರು ಮೂಳೆಗಳ ಪಾಠವನ್ನು ಪುಸ್ತಕ ಮುಟ್ಟದೆ ಹೇಳಬಲ್ಲ ನಾನು ಕಾರ್ಡನ್ನು ಮಡಿಚಿ ಜೇಬಿಗೆ ಹಾಕಿಕೊಂಡೆ. ನನ್ನ ಸೋಮಾರಿತನದ ತಪ್ಪನ್ನು ಮಗಳ ಮೂಳೆಯ ಮೇಲೆ ಹಾಕಿ ಎದ್ದು ಬಂದೆ.

ವಾಪಸ್ ಬಸ್ಸಿನಲ್ಲಿ ಅವಳು ಮೆಲ್ಲಗೆ, “ಯಾಕಪ್ಪ ಹೇಳ್ಲಿಲ್ಲ?” ಎಂದಳು. “ನೀನಾದ್ರೂ ಹೇಳ್ಬೋದಿತ್ತಲ್ಲೇ” ಎಂದೆ. “ಅವ್ರು ನಿನ್ನ ಅಷ್ಟು ಹೊಗಳ್ತಿದ್ರು, ಹೆಂಗ್ ಹೇಳ್ಲಿ?” ಎಂದಳು. ನಾಳೆಯೇ ಬಂದು ನಿಜ ಹೇಳಬೇಕೆಂದು ನಿರ್ಧರಿಸಿದೆ. ನಾಳೆ ಮಂಗಳವಾರವಾಗಿತ್ತು. ಆಮೇಲೆ ಆಷಾಢ ಬಂತು. ಅದರ ಹಿಂದೆ ಎಸ್ಸೆಸ್ಸೆಲ್ಸಿ ಬಂತು. ಕೊನೆಗೆ ಅವಳು ಪಿಯುಸಿ ಸೇರಿದ ಮೇಲೆ ಹೋಗಿ ಡಾಕ್ಟರ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು, “ಈಗ ನಿಜವಾಗ್ಲೂ ಕೂಡ್ಕೊಂಡಿದೆ ಮೇಷ್ಟ್ರೇ” ಎಂದರು. ಬೈದಿದ್ದರೆ ಚೆನ್ನಾಗಿತ್ತು. ಗಿರಿಜೆ ಅಷ್ಟರಲ್ಲಾಗಲೇ ಬಾಯಿಗೆ ಕೈ ಅಡ್ಡ ಹಿಡಿದು ನಗುವುದನ್ನು ಕಲಿತಿದ್ದಳು.

ಕೆಲವು ದಿನದ ಮೇಲೆ ಹಳೆಯ ಪಂಚಾಂಗದೊಳಗೆ ಅವಳಿಗೆ ಆ ಕಾರ್ಡು ಸಿಕ್ಕಿತು. ನನ್ನದೇ ಕೆಂಪು ಪೆನ್ನಿನಿಂದ ಸುಳ್ಳು ಟಿಕ್ಕುಗಳನ್ನೆಲ್ಲ ಹೊಡೆದುಹಾಕಿ, ಕೆಳಗೆ ‘ಕಾಪಿ. ಪೋಷಕರ ಸಹಿ ಮಾಡಿಸಿಕೊಂಡು ಬಾ’ ಎಂದು ಬರೆದು ನನ್ನ ಮುಂದಿಟ್ಟಳು. ನನ್ನ ಪೋಷಕಿ ಅಮ್ಮ ತಾನೆ? ತಮಾಷೆ ಮಾಡಿ ಪಾರಾಗೋಣವೆಂದು ಅಮ್ಮನ ಪಕ್ಕ ಕೂತು ಕಾರ್ಡು ಚಾಚಿದೆ. ಅಮ್ಮ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡವಳು ಒತ್ತದೆ ತಡೆದಳು.

“ಇವತ್ತು ಯಾವ್ ವಾರ್ಲಾ?”

ಮಂಗಳವಾರ.

“ಬುಧವಾರ ಕಣಮ್ಮ” ಎಂದೆ.

ಅಮ್ಮ ಸಲೀಸಾಗಿ ಒತ್ತಿದಳು. ಬಾಗಿಲಲ್ಲಿ ಬಾಯಿಗೆ ಕೈ ಹಿಡಿದು ನಗುತ್ತಿದ್ದ ಗಿರಿಜೆ ಕೈ ಇಳಿಸಿದಳು. ನಗು ನಿಂತಿತ್ತು.

“ಅಪ್ಪ, ಬುಧವಾರ ಅಂತ ಆವಾಗ್ಲೂ ಹೇಳ್ಬೋದಿತ್ತಲ್ಲ?”

ಕೂತಿದ್ದವನು ನಾನಾಗಿಯೇ ಎದ್ದು ನಿಂತೆ.